ಊರಿನ ಪಟ್ಟಿಯಿಂದ ಸರ್ಕಾರಿ ದವಾಖಾನೆಗೆ ಯಂತ್ರ ಕೊಡಿಸುವುದು ಹೇಗೆ?

ಉತ್ತರ ಕರ್ನಾಟಕದ ನಮ್ಮ ಕಡೆ ಪಟ್ಟಿ (ಊರವರೆಲ್ಲ ಸೇರಿ ಕೊಡುವ ವಂತಿಗೆ) ಎತ್ತುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜಾತ್ರೆ ಬಂತು ಅಂದರೆ ಮನೆಗೆ ಇಷ್ಟು ವಂತಿಗೆ, ಗುಡಿಯ ಕಳಸಕ್ಕೆ ಇಷ್ಟು, ಸಾಮೂಹಿಕ ಮದುವೆಗೆ ಇಷ್ಟು. ತೇರಿನ ದಿನ ಒಂದು ತೆಂಗಿನಕಾಯಿಯನ್ನು ಸವಾಲಿನಲ್ಲಿ (ಹರಾಜಿನಲ್ಲಿ) ಸಾವಿರಾರು ರೂಪಾಯಿಗೆ ಹಿಡಿಯುವ ಊರುಗಳಿವೆ. ದೊಡ್ಡ ಕೆಲಸಗಳೂ ಹೀಗೇ ಬೆಳೆದಿವೆ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ (1906), ವಿಜಯಪುರದ ಬಿಎಲ್‌ಡಿಇ (1910), ಬೆಳಗಾವಿಯ ಕೆಎಲ್‌ಇ (1916), ಈ ಮೂರೂ, ಮಕ್ಕಳಿಗೆ ಓದಿಸಲು ಜನರ ದೇಣಿಗೆ ನೆಚ್ಚಿಕೊಂಡು ಹೊರಟ ಸಂಸ್ಥೆಗಳು. ಇವತ್ತು ಮೂವರ ಹತ್ತಿರವೂ ವೈದ್ಯಕೀಯ ಕಾಲೇಜು, ದೊಡ್ಡ ಆಸ್ಪತ್ರೆ ಇವೆ.

ಹಾಗಾಗಿ ದುಡ್ಡು ಕೂಡಿಸುವುದು ನಮಗೆ ಕಷ್ಟದ ಕೆಲಸವಲ್ಲ. ಕೊಟ್ಟ ಯಂತ್ರ ಮುಂದೆ ಏನಾಯಿತು ಅಂತ ನೋಡುವುದರಲ್ಲಿ ಹಿಂದೆ ಬೀಳುತ್ತೇವೆ. ಕಳಸ ಏರಿಸಿದರೆ ಅದಕ್ಕೆ ಬ್ಯಾಟರಿ ಬೇಡ, ಪೇಪರ್ ರೋಲ್ ಬೇಡ, ನಡೆಸುವವರು ಬೇಡ. ಇಸಿಜಿ ಯಂತ್ರಕ್ಕೆ ಇದೆಲ್ಲ ಬೇಕು. 2021ರಲ್ಲಿ ಕೊರೊನಾದ ಎರಡನೇ ಅಲೆಯಲ್ಲಿ ದಾನಿಗಳು ಪೈಪೋಟಿಯ ಮೇಲೆ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಯಂತ್ರ) ಕೊಟ್ಟರು. ಆಗ ಅವು ಜೀವ ಉಳಿಸಿದ್ದೂ ನಿಜ. ನಂತರ ಎಷ್ಟೋ ಯಂತ್ರಗಳು ಸ್ಟೋರ್ ರೂಮಿನ ಮೂಲೆ ಸೇರಿದವು. ಮೇಲೆ ಹಳೆ ಬೆಡ್‌ಶೀಟ್ ಹೊದಿಸಿ, ಮಗ್ಗುಲಿಗೆ ಒಡೆದ ಡ್ರಿಪ್ ಸ್ಟ್ಯಾಂಡ್ ಒರಗಿಸಿ ಇಟ್ಟಿರುತ್ತಾರೆ. ಧೂಳಿನ ನಡುವೆ ದಾನಿಗಳ ಹೆಸರಿನ ಸ್ಟಿಕರ್ ಮಾತ್ರ ಸ್ವಚ್ಛವಾಗಿ ಕಾಣುತ್ತದೆ. ಎತ್ತು ದಾನ ಕೊಟ್ಟು ಮೇವಿನ ಮಾತೇ ಆಡದಿದ್ದರೆ ಹೀಗಾಗುತ್ತದೆ.

ಈ ಲೇಖನ ಮುಖ್ಯವಾಗಿ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲೂಕು ಆಸ್ಪತ್ರೆಗೆ ಏನಾದರೂ ಕೊಡಬೇಕು ಅಂತಿರುವ ಯುವಕ ಮಂಡಳ, ಸ್ತ್ರೀಶಕ್ತಿ ಸಂಘ, ಹಳೇ ವಿದ್ಯಾರ್ಥಿಗಳ ಬಳಗ, ಜಾತ್ರಾ ಕಮಿಟಿಯಂಥವರಿಗೆ.

ಮೊದಲು ದವಾಖಾನೆಗೆ ಹೋಗಿ

ಕೊಟೇಶನ್ ತರಿಸುವ ಮೊದಲು ದವಾಖಾನೆಗೆ ಹೋಗಿ ಕೂತು ಮಾತಾಡಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ವೈದ್ಯಕೀಯ ಉಪಕರಣ ದಾನದ ಬಗ್ಗೆ ಒಂದು ಮಾರ್ಗಸೂಚಿ ಹೊರತಂದಿದೆ. ಅದರಲ್ಲಿ ಒತ್ತಿ ಹೇಳಿರುವುದೂ ಇದನ್ನೇ: ಪಡೆಯುವವರಿಗೆ ಏನು ಬೇಕೋ ಅಲ್ಲಿಂದ ಶುರು ಮಾಡಿ.

ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಆಡಳಿತ ವೈದ್ಯಾಧಿಕಾರಿಯನ್ನು ಕಾಣಿ. ಬಯಲುಸೀಮೆಯಲ್ಲಿ ಇಂಥ ಒಂದು ಕೇಂದ್ರ ಸುಮಾರು 30,000 ಜನರಿಗೆ ಅಂತ ಲೆಕ್ಕ, ಸಾಮಾನ್ಯವಾಗಿ 6 ಹಾಸಿಗೆ. ಸಮುದಾಯ ಆರೋಗ್ಯ ಕೇಂದ್ರಕ್ಕೆ 30 ಹಾಸಿಗೆ. ತಾಲೂಕು ಆಸ್ಪತ್ರೆಗೆ ಸಾಮಾನ್ಯವಾಗಿ 100. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 6 ಹಾಸಿಗೆಯ ಕೇಂದ್ರಕ್ಕೆ ವೆಂಟಿಲೇಟರ್ ಕೊಡುತ್ತೇವೆ ಅಂತ ಹೊರಡುವ ಉತ್ಸಾಹಿಗಳು ಇದ್ದಾರೆ. ಅಲ್ಲಿ ಅದನ್ನು ನಡೆಸಲು ಅರಿವಳಿಕೆ ತಜ್ಞರೂ ಇಲ್ಲ, ತೀವ್ರ ನಿಗಾ ಘಟಕವೂ ಇಲ್ಲ.

ಡಾಕ್ಟರ ಜೊತೆ ಮಾತಾಡಿ ಬಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಸಿಸ್ಟರ್‌ಗಳ ಹತ್ತಿರ. ರಾತ್ರಿ ಪಾಳಿಯಲ್ಲಿ ಯಾವ ಸಾಮಾನಿಗೆ ಒದ್ದಾಡುತ್ತೀರಿ ಅಂತ ಕೇಳಿ. ಡಾಕ್ಟರು ಮಾನಿಟರ್ ಬೇಕು ಅಂದಿರುತ್ತಾರೆ. ಸಿಸ್ಟರ್ ಹೇಳುವುದು ಬೇರೆ: ಹೆರಿಗೆ ಕೋಣೆಯಲ್ಲಿ ಕರೆಂಟ್ ಹೋದರೆ ಮೊಬೈಲ್ ಟಾರ್ಚ್ ಹಿಡಿಯಬೇಕು, ಸಕ್ಷನ್ ಯಂತ್ರದ ಪೈಪ್ ಒಡೆದಿದೆ, ಸ್ಟ್ರೆಚರ್‌ನ ಒಂದು ಗಾಲಿ ತಿರುಗುವುದಿಲ್ಲ. ಈ ಮಾತುಗಳನ್ನು ಬರೆದುಕೊಳ್ಳಿ.

ಇನ್ನೊಂದು ಪ್ರಶ್ನೆ ಮರೆಯಬೇಡಿ. ಕೆಟ್ಟು ಕೂತಿರುವ ಯಂತ್ರ ಯಾವುದಿದೆ? ಹೊಸದು ಕೊಡಿಸುವ ಖರ್ಚಿನ ಸಣ್ಣ ಭಾಗದಲ್ಲಿ ಹಳೆಯದು ರಿಪೇರಿ ಆಗಬಹುದು. ಒಂದು ಬ್ಯಾಟರಿ, ಒಂದು ಕೇಬಲ್, ಒಂದು ಸೆನ್ಸರ್ ಇಲ್ಲದೆ ನಿಂತ ಯಂತ್ರಗಳೇ ಜಾಸ್ತಿ. ಸರ್ಕಾರಿ ಆಸ್ಪತ್ರೆಗಳ ಉಪಕರಣಗಳ ದುರಸ್ತಿಗೆ ಅಂತಲೇ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಿಂದ ಒಂದು ಕಾರ್ಯಕ್ರಮ ಇದೆ. ದೂರು ದಾಖಲಿಸಿದ್ದೀರಾ ಅಂತ ವಿನಯವಾಗಿ ಕೇಳಿದರೆ ಪುಕ್ಕಟೆಯಾಗಿಯೇ ಕೆಲಸ ಆಗಿಬಿಡಬಹುದು. ರಿಪೇರಿಗೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ, ಅದಕ್ಕೇ ಯಾರೂ ಮುಂದೆ ಬರುವುದಿಲ್ಲ ಅಂತ ನನಗೆ ಅನುಮಾನ.

ಏನು ಕೊಡಬಹುದು, ಏನು ಬೇಡ

ಸಣ್ಣದರಿಂದ ಶುರು ಮಾಡೋಣ. ಕಬ್ಬು, ಜೋಳ, ತೊಗರಿಯ ಹೊಲಗಳಿರುವ ನಮ್ಮ ಜಿಲ್ಲೆಗಳಲ್ಲಿ ಹಾವು ಕಡಿತ ಪ್ರತಿ ಹಂಗಾಮಿನ ಮಾತು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವಿಷ ಇಳಿಸುವ ಇಂಜೆಕ್ಷನ್ ಸರ್ಕಾರದಿಂದ ಬರುತ್ತದೆ. ಆದರೆ ನಾಗರಹಾವು, ಕಟ್ಟುಹಾವು ಕಡಿದಾಗ ವಿಷ ನರಗಳಿಗೆ ಏರಿ ಉಸಿರಾಟವೇ ನಿಲ್ಲಬಹುದು. ಆಗ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಬೇಕಾಗುವುದು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಗಂಟಲಲ್ಲಿ ತುಂಬಿದ್ದನ್ನು ಹೀರುವ ಸಕ್ಷನ್, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್, ತುಂಬಿದ ಆಕ್ಸಿಜನ್ ಸಿಲಿಂಡರ್. ಇದರಲ್ಲಿ ಯಾವುದೂ ಪೇಪರಿನಲ್ಲಿ ಫೋಟೋ ಹಾಕಿಸಿಕೊಳ್ಳುವಷ್ಟು ದೊಡ್ಡದಲ್ಲ. ಒಂದು ಸಂಘದ ಒಂದು ತಿಂಗಳ ಪಟ್ಟಿಯಲ್ಲಿ ಬಹುಪಾಲು ಬಂದುಬಿಡುತ್ತದೆ. ದೊಡ್ಡವರ ಅಳತೆಯ ಅಂಬು ಬ್ಯಾಗ್ ಇದ್ದರೆ ಸಾಲದು, ಮಕ್ಕಳ ಅಳತೆಯದೂ, ಹುಟ್ಟಿದ ಕೂಸಿನ ಅಳತೆಯದೂ ಬೇಕು. ಮಾಸ್ಕ್‌ಗಳೂ ಅಳತೆಗೆ ತಕ್ಕಂತೆ.

ಅದೇ ಸಾಲಿನಲ್ಲಿ ಗಾಲಿಕುರ್ಚಿ, ಸ್ಟ್ರೆಚರ್ ಟ್ರಾಲಿ, ನೆಬ್ಯುಲೈಸರ್, ಡಿಜಿಟಲ್ ಬಿಪಿ ಯಂತ್ರ, ಕೂಸಿನ ತೂಕದ ಯಂತ್ರ, ಹೆರಿಗೆ ಕೋಣೆಗೆ ಇನ್ವರ್ಟರ್ ಇಡಬಹುದು. ಸೌರ ಫಲಕ ಹಾಕಿಸುವ ಆಲೋಚನೆ ಇದ್ದರೆ ಮೊದಲು ವಿಚಾರಿಸಿ. ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಕೊಡುವ ಸರ್ಕಾರಿ ಕೆಲಸ ರಾಜ್ಯದಲ್ಲಿ ನಡೆದೇ ಇದೆ, ನಿಮ್ಮ ಕೇಂದ್ರದ ಹೆಸರು ಆಗಲೇ ಪಟ್ಟಿಯಲ್ಲಿರಬಹುದು.

ಯಂತ್ರವಲ್ಲದ ಸುಧಾರಣೆಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೆರಿಗೆಗೆ ಬಂದವಳ ಜೊತೆ ತಾಯಿ, ಅತ್ತೆ, ಒಂದು ಸಣ್ಣ ಮಗು ಬಂದಿರುತ್ತಾರೆ. ರಾತ್ರಿ ಅವರು ಮಲಗುವುದು ಬೇವಿನ ಮರದ ಕೆಳಗೆ ಇಲ್ಲವೇ ವರಾಂಡದಲ್ಲಿ, ಬುತ್ತಿ ಗಂಟು ತಲೆಗಿಟ್ಟುಕೊಂಡು. ಏಪ್ರಿಲ್ ಬಿಸಿಲಲ್ಲಿ ಕುಡಿಯಲು ತಣ್ಣೀರು ಹೊರಗಿನ ಹೋಟೆಲಿನಲ್ಲೇ ಗತಿ. ಒಂದು ತಗಡಿನ ನೆರಳು, ನಾಲ್ಕು ಬೆಂಚು, ಶುದ್ಧ ನೀರಿನ ಘಟಕ, ಬಾಗಿಲು ಹಾಕಿಕೊಳ್ಳಲು ಬರುವ ಒಂದು ಶೌಚಾಲಯ. ನನ್ನ ಕೇಳಿದರೆ ಬಹಳ ಊರುಗಳಲ್ಲಿ ಮೊದಲ ಪಟ್ಟಿ ಇದಕ್ಕೇ ಎತ್ತಬೇಕು. ಒಂದು ಎಚ್ಚರ: ಸರ್ಕಾರಿ ಜಾಗದಲ್ಲಿ ಇಟ್ಟಂಗಿ ಇಡುವ ಕೆಲಸ ಏನೇ ಇದ್ದರೂ ಇಲಾಖೆಯ ಬರಹದ ಒಪ್ಪಿಗೆ ಬೇಕು. ಬಾಯಿಮಾತಿನ "ಆಯ್ತು ಮಾಡ್ರಿ" ನಡೆಯುವುದಿಲ್ಲ.

ಇನ್ನು ದೊಡ್ಡ ಯಂತ್ರಗಳು. ಇಲ್ಲಿ ಉತ್ಸಾಹಕ್ಕಿಂತ ಕಾನೂನು ಮುಂದಿರುತ್ತದೆ.

ಸ್ಕ್ಯಾನಿಂಗ್ ಯಂತ್ರ: ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಇಲ್ಲದ ಜಾಗಕ್ಕೆ ಅಲ್ಟ್ರಾಸೌಂಡ್ ಯಂತ್ರ ಮಾರುವುದೇ ಅಪರಾಧ. ಸರ್ಕಾರಿ ದವಾಖಾನೆಗೂ ಇದರಿಂದ ಬಿಡುಗಡೆ ಇಲ್ಲ. ದಾನ ಅಂದರೂ ಅಷ್ಟೇ. ಮೊದಲು ಜಿಲ್ಲಾ ಪ್ರಾಧಿಕಾರದಲ್ಲಿ ದವಾಖಾನೆಯ ನೋಂದಣಿ, ಸ್ಕ್ಯಾನ್ ಮಾಡಲು ಅರ್ಹತೆ ಇರುವ ವೈದ್ಯರು, ಆಮೇಲೆ ಯಂತ್ರ.

ಎಕ್ಸ್‌ರೇ: ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಕೋಣೆಯ ಗೋಡೆ, ಬಾಗಿಲು ವಿಕಿರಣ ತಡೆಯುವಂತಿರಬೇಕು. ರೇಡಿಯೋಗ್ರಾಫರ್ ಹುದ್ದೆ ಮಂಜೂರಾಗಿ, ತುಂಬಿರಬೇಕು. ವಿದ್ಯುತ್ ಲೋಡ್ ಸಾಲದಿದ್ದರೆ ಹೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಬೇಕು.

ಡಯಾಲಿಸಿಸ್: ದಾನಿಗಳಿಗೆ ಇದರ ಮೇಲೆ ಬಹಳ ಮನಸ್ಸು, ಯಾಕೆಂದರೆ ವಾರಕ್ಕೆ ಎರಡು ಮೂರು ಸಲ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗುವವರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಯಂತ್ರಕ್ಕಿಂತ ಮೊದಲು ನೀರಿನ ಲೆಕ್ಕ ಹಾಕಿ. ನಾಲ್ಕು ತಾಸಿನ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಅತಿ ಶುದ್ಧ ನೀರು ಹರಿಯಬೇಕು. ಅಷ್ಟು ನೀರು ತೆಗೆಯಲು ನೀರು ಶುದ್ಧ ಮಾಡುವ ಆರ್‌ಒ ಘಟಕ ಇನ್ನಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ. ವಿಜಯಪುರ ಜಿಲ್ಲೆಯ ಬೋರ್‌ವೆಲ್ ನೀರಿನ ಉಪ್ಪು, ಗಡಸುತನ ನಮಗೆಲ್ಲ ಗೊತ್ತಿರುವುದೇ. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪರೆ ಕಟ್ಟುವ ನೀರು ಅದು. ಆ ನೀರಿಗೆ ಆರ್‌ಒ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ಬೇಗ ಬೇಗ ಬರುತ್ತದೆ. ಜೊತೆಗೆ ಬಹಳ ಕಡೆ ಡಯಾಲಿಸಿಸ್ ಘಟಕ ನಡೆಸುವುದು ಹೊರಗಿನ ಏಜೆನ್ಸಿ. ನೀವು ಕೊಟ್ಟ ಯಂತ್ರ ಅವರ ಗುತ್ತಿಗೆಯಲ್ಲಿ ಸೇರುತ್ತದೋ ಇಲ್ಲವೋ, ಕೆಟ್ಟರೆ ಯಾರು ನೋಡುತ್ತಾರೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಎಷ್ಟೋ ಕಡೆ ಹೊಸ ಯಂತ್ರಕ್ಕಿಂತ ಆರ್‌ಒ ಘಟಕ ಮತ್ತು ನೀರಿನ ಟ್ಯಾಂಕ್ ಕೊಡಿಸಿದರೆ ಇದ್ದ ಯಂತ್ರಗಳೇ ಎರಡು ಪಾಳಿ ಓಡುತ್ತವೆ.

ಇಸಿಜಿ: ಪ್ರಾಥಮಿಕ ಕೇಂದ್ರಕ್ಕೆ ಒಳ್ಳೆಯ ಕೊಡುಗೆ. ತಾಲೂಕು ಆಸ್ಪತ್ರೆಗಾದರೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಆಗಲೇ ಬಂದಿದೆಯಾ ಕೇಳಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಾಲೂಕಿನಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುವ ಏರ್ಪಾಡಿದೆ. ಒಂದೇ ಕೋಣೆಯಲ್ಲಿ ಎರಡು ಯಂತ್ರ ಇಟ್ಟು ಏನು ಮಾಡುವುದು, ಅಲ್ವಾ?

ಬೇಡವಾದವು: ಔಷಧಿ ಕೊಂಡು ಕೊಡಬೇಡಿ. ಅವಧಿ, ಬಿಲ್ಲು, ಗುಣಮಟ್ಟದ ತಲೆನೋವು ನಿಮ್ಮ ಕೊರಳಿಗೆ ಬರುತ್ತದೆ. ಲಸಿಕೆ ಇಡಲು ಮನೆಯ ಫ್ರಿಜ್ ಬೇಡ. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಅದಕ್ಕೆ ಬೇರೆಯದೇ ಉಪಕರಣ ಸರ್ಕಾರ ಕೊಡುತ್ತದೆ. ನಗರದ ಆಸ್ಪತ್ರೆ ತೆಗೆದುಹಾಕಿದ ಹಳೇ ಯಂತ್ರ "ಫ್ರೀ ಆಗಿ ಕೊಡ್ತಾರಂತೆ" ಅಂತ ಯಾರಾದರೂ ಅಂದರೆ, ಬಿಡಿಭಾಗ ಇನ್ನೂ ಸಿಗುತ್ತದಾ, ಕಂಪನಿ ಸರ್ವಿಸ್ ಕೊಡುತ್ತದಾ ಅಂತ ಕೇಳಿ. ಎರಡಕ್ಕೂ ಹೌದು ಅನ್ನದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಠರಾವು ಮತ್ತು ಪತ್ರ

ಪ್ರತಿ ಸರ್ಕಾರಿ ದವಾಖಾನೆಗೂ ಆರೋಗ್ಯ ರಕ್ಷಾ ಸಮಿತಿ ಅಂತ ಒಂದು ಇರುತ್ತದೆ. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬೆಳೆದ ಏರ್ಪಾಡು ಇದು. ಜನಪ್ರತಿನಿಧಿಗಳು, ಅಧಿಕಾರಿಗಳು, ಊರಿನ ಕೆಲವರು ಸದಸ್ಯರು. ದೇಣಿಗೆ ಪಡೆಯುವ, ದವಾಖಾನೆಯ ಸುಧಾರಣೆಗೆ ಖರ್ಚು ಮಾಡುವ ಅಧಿಕಾರ ಈ ಸಮಿತಿಗಿದೆ. ನಿಮ್ಮ ಕೊಡುಗೆ ಇದರ ಮೂಲಕ ಹೋದರೆ ದಾರಿ ಸುಗಮ.

ಮಾಡಬೇಕಾದ್ದು ಇಷ್ಟು. ನಿಮ್ಮ ಸಂಘದಿಂದ ಒಂದು ಪತ್ರ ಕೊಡಿ: ಏನು ಕೊಡುತ್ತೇವೆ, ಯಾವಾಗ ಕೊಡುತ್ತೇವೆ, ಬದಲಿಗೆ ಏನನ್ನೂ ಕೇಳುವುದಿಲ್ಲ. ಸಮಿತಿ ಸಭೆಯಲ್ಲಿ ಠರಾವು ಆಗಲಿ. ದೊಡ್ಡ ಯಂತ್ರವಾದರೆ ತಾಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿಯ ಒಪ್ಪಿಗೆ ಪತ್ರವನ್ನೂ ತೆಗೆದುಕೊಳ್ಳಿ. ದವಾಖಾನೆಯಿಂದ ನಿಮಗೆ ಬರುವ ಪತ್ರದಲ್ಲಿ ನಾಲ್ಕು ಮಾತು ಇರಲೇಬೇಕು: ಯಾವ ಕೋಣೆಯಲ್ಲಿ ಇಡುತ್ತಾರೆ, ಯಾರು ನಡೆಸುತ್ತಾರೆ, ವಾರಂಟಿ ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ, ರೋಗಿಗಳಿಗೆ ಶುಲ್ಕ ಇದೆಯೋ ಇಲ್ಲವೋ.

ಐದನೆಯದೂ ಒಂದಿದೆ, ಬಹಳ ಜನಕ್ಕೆ ಹೊಳೆಯುವುದಿಲ್ಲ. ಕೊಟ್ಟ ಮೇಲೆ ಯಂತ್ರ ಸರ್ಕಾರದ ಆಸ್ತಿ. ನಾಳೆ ಒಂದು ಆದೇಶ ಬಂದರೆ ಬೇರೆ ತಾಲೂಕಿಗೆ ಹೋಗಬಹುದು. ಊರಿನವರು ಆಮೇಲೆ ಜಗಳಕ್ಕೆ ನಿಲ್ಲುವ ಬದಲು, "ಸಮಿತಿಯ ಠರಾವು ಇಲ್ಲದೆ ಬೇರೆಡೆಗೆ ಸಾಗಿಸುವುದಿಲ್ಲ" ಅನ್ನುವ ಸಾಲನ್ನು ಮೊದಲೇ ಸೇರಿಸಿ.

ಪಟ್ಟಿಯ ಮೊತ್ತ ಹೇಗೆ ಹಾಕಬೇಕು

ಯಂತ್ರದ ಬೆಲೆಯನ್ನೇ ಗುರಿ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ಯಂತ್ರಕ್ಕೆ ಒಂದು ಲಕ್ಷ ಅಂತಿಟ್ಟುಕೊಳ್ಳಿ. ಅದರ ಮೇಲೆ ಸ್ಟೆಬಿಲೈಸರ್ ಅಥವಾ ಯುಪಿಎಸ್, ಸರಿಯಾದ ಅರ್ಥಿಂಗ್, ಇಡುವ ಟ್ರಾಲಿ, ಎರಡು ವರ್ಷಕ್ಕಾಗುವ ಪೇಪರ್ ರೋಲ್, ಜೆಲ್, ಎಲೆಕ್ಟ್ರೋಡ್, ಒಂದು ಹೆಚ್ಚಿನ ಕೇಬಲ್ ಸೆಟ್, ವಾರಂಟಿ ನಂತರದ ನಿರ್ವಹಣಾ ಒಪ್ಪಂದ. ನಾನಾದರೆ ಒಂದು ಲಕ್ಷದ ಯಂತ್ರಕ್ಕೆ ಒಂದೂಕಾಲರಿಂದ ಒಂದೂವರೆ ಲಕ್ಷದ ಪಟ್ಟಿ ಹಾಕುತ್ತೇನೆ. ಜನ ಯಾಕೆ ಇಷ್ಟು ಅಂತ ಕೇಳಿದರೆ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ಪಂಪ್‌ಸೆಟ್ ಇಟ್ಟುಕೊಂಡವರಿಗೆ ನಿರ್ವಹಣೆ ಖರ್ಚು ಅಂದರೇನು ಅಂತ ಪಾಠ ಮಾಡಬೇಕಾಗಿಲ್ಲ.

ದುಡ್ಡು ಯಾವ ಖಾತೆಗೆ ಬರಬೇಕು

ಯಾರೊಬ್ಬರ ಸ್ವಂತ ಫೋನ್‌ಪೇಗೆ ಹಾಕಿಸಬೇಡಿ. ಅವರು ಎಷ್ಟೇ ಪ್ರಾಮಾಣಿಕರಿರಲಿ, ಆರು ತಿಂಗಳಿಗೆ ಚಹಾದಂಗಡಿಯ ಮುಂದೆ ಮಾತು ಹುಟ್ಟುತ್ತದೆ. ಮೂರು ದಾರಿಗಳಿವೆ.

ಒಂದು, ನೇರವಾಗಿ ಆರೋಗ್ಯ ರಕ್ಷಾ ಸಮಿತಿಯ ಖಾತೆಗೆ, ಇಂಥ ಉಪಕರಣಕ್ಕೆ ಮಾತ್ರ ಅಂತ ಪತ್ರದಲ್ಲಿ ಬರೆದು. ಎರಡು, ನೋಂದಣಿ ಇರುವ ನಿಮ್ಮ ಟ್ರಸ್ಟ್ ಅಥವಾ ಸಂಘದ ಖಾತೆಗೆ. ಮೂರು, ಹೆಸರಿರುವ ಯಾವುದಾದರೂ ಮಠದ ಟ್ರಸ್ಟ್, ಸೇವಾ ಸಂಸ್ಥೆಯ ಜೊತೆ ಸೇರಿ. ಖಾತೆ ಯಾವುದಿದ್ದರೂ ಇಬ್ಬರ ಸಹಿ ಇಲ್ಲದೆ ಹಣ ಹೊರಬರಬಾರದು. ಆ ಇಬ್ಬರು ಒಂದೇ ಮನೆಯವರಾಗದಿರಲಿ, ಒಂದೇ ಪಕ್ಷದವರಾಗದಿದ್ದರೆ ಇನ್ನೂ ಒಳ್ಳೆಯದು.

ಕೈಯಲ್ಲಿ ನಗದು ಕೊಟ್ಟವರಿಗೆ ಅಲ್ಲೇ ಪಾವತಿ (ರಸೀದಿ) ಹರಿದು ಕೊಡಿ. ನಂಬರ್ ಹಾಕಿದ ಪಾವತಿ ಪುಸ್ತಕ, ಕಾರ್ಬನ್ ಪ್ರತಿ. 50 ರೂಪಾಯಿ ಕೊಟ್ಟ ಅಜ್ಜಿಗೂ ಪಾವತಿ ಕೊಡಬೇಕು. ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಬರಬೇಕು.

ದೇಣಿಗೆಗೆ ತೆರಿಗೆ ವಿನಾಯಿತಿ ಕೊಡುವ 80ಜಿ ಬಗ್ಗೆ ದಾನಿಗಳು ಕೇಳಿಯೇ ಕೇಳುತ್ತಾರೆ. ಆ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ ತೆರಿಗೆ ವಿನಾಯಿತಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಸಿಗುವುದಿಲ್ಲ. ಹಣದ ಬದಲು ಗಾಲಿಕುರ್ಚಿಯನ್ನೇ ಕೊಂಡು ತಂದುಕೊಟ್ಟರೂ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ನೌಕರರಿಗೆ ಈ ಲಾಭವೇ ಇಲ್ಲ. ಸುಮ್ನೆ "80ಜಿ ಇದೆ ಸರ್" ಅಂತ ಹೇಳಿ ಆಮೇಲೆ ಮುಖ ಮುರಿಸಿಕೊಳ್ಳಬೇಡಿ.

ವಿದೇಶದಲ್ಲಿರುವ ಊರಿನ ಮಕ್ಕಳ ವಿಷಯ ಸ್ವಲ್ಪ ಸೂಕ್ಷ್ಮ. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಯೇ ಬೇಕು.

ಯಾರನ್ನು, ಯಾವಾಗ ಕೇಳಬೇಕು

ರೈತರ ಕೈಯಲ್ಲಿ ದುಡ್ಡು ಯಾವಾಗ ಆಡುತ್ತದೆ ಅನ್ನುವುದು ನಿಮಗೇ ಗೊತ್ತು. ಚಿಕ್ಕೋಡಿ, ಗೋಕಾಕ, ಜಮಖಂಡಿ, ಮುಧೋಳದ ಕಡೆ ಕಬ್ಬಿನ ಬಿಲ್ಲು ಬಂದ ಮೇಲೆ. ತಿಕೋಟಾ, ಬಬಲೇಶ್ವರದ ಕಡೆ ಒಣದ್ರಾಕ್ಷಿ ಮಾರಿದ ಮೇಲೆ. ಬಿತ್ತನೆ ಹೊತ್ತಿನಲ್ಲಿ, ಶಾಲೆ ಫೀ ಕಟ್ಟುವ ಜೂನ್‌ನಲ್ಲಿ ಮನೆ ಬಾಗಿಲಿಗೆ ಹೋದರೆ ಕೊಡುವ ಮನಸ್ಸಿದ್ದವರೂ ಮುಜುಗರ ಪಡುತ್ತಾರೆ. ನಗದೇ ಕೊಡಬೇಕಂತಿಲ್ಲ, ಒಂದು ಚೀಲ ಜೋಳ ಕೊಡುವವರಿದ್ದರೆ ತೆಗೆದುಕೊಂಡು ಮಾರಿ ಲೆಕ್ಕಕ್ಕೆ ಹಿಡಿಯಿರಿ.

ಜಾತ್ರೆಗೆ ಊರು ತುಂಬುತ್ತದೆ. ಮುಂಬೈ, ಪುಣೆ, ಗೋವಾಕ್ಕೆ ದುಡಿಯಲು ಹೋದವರೂ ಬಂದಿರುತ್ತಾರೆ. ಸವಾಲಿನಲ್ಲಿ ಒಂದು ಕಾಯಿಯ ದುಡ್ಡು ದವಾಖಾನೆಗೆ ಅಂತ ಕಮಿಟಿಯ ಹಿರಿಯರು ಮೈಕಿನಲ್ಲಿ ಹೇಳಿದರೆ ಸಾಕು, ನೀವು ಹೇಳುವುದಕ್ಕಿಂತ ಹತ್ತು ಪಾಲು ಕೆಲಸ ಮಾಡುತ್ತದೆ. ಗಡಿಯ ಕಡೆ ಊರುಗಳಲ್ಲಿ ಪಾಂಪ್ಲೆಟ್ ಕನ್ನಡದ ಜೊತೆ ಮರಾಠಿಯಲ್ಲೂ ಇರಲಿ. ದವಾಖಾನೆಗೆ ಎರಡೂ ಭಾಷೆಯವರು ಬರುತ್ತಾರೆ.

ಸಹಕಾರಿ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ನಮ್ಮ ಭಾಗದ ದೊಡ್ಡ ಬಲ. ಸೆಪ್ಟೆಂಬರ್ ಹೊತ್ತಿಗೆ ಅವುಗಳ ವಾರ್ಷಿಕ ಸಭೆ ಇರುತ್ತದೆ. ಅದಕ್ಕೂ ಎರಡು ತಿಂಗಳು ಮೊದಲು ಆಡಳಿತ ಮಂಡಳಿಗೆ ಅರ್ಜಿ ಮುಟ್ಟಿಸಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇರೆ ಲೆಕ್ಕ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಅಂತಲೂ ಕಾಯ್ದೆಯಲ್ಲಿದೆ. ಕೂಡಗಿಯ ಎನ್‌ಟಿಪಿಸಿ ಸ್ಥಾವರ, ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳು, ಖಾಸಗಿ ಸಕ್ಕರೆ ಕಂಪನಿಗಳು ನಿಮ್ಮ ತಾಲೂಕಿಗೆ ಹತ್ತಿರವಿದ್ದರೆ ಪ್ರಸ್ತಾವನೆ ಕೊಡಿ. ಸಹಕಾರಿ ಸಕ್ಕರೆ ಕಾರ್ಖಾನೆಗೆ ಈ ಕಲಂ ಅನ್ವಯಿಸುವುದಿಲ್ಲ, ಅಲ್ಲಿ ಆಡಳಿತ ಮಂಡಳಿಯನ್ನೇ ಕೇಳಬೇಕು. ನಿಮ್ಮ ಟ್ರಸ್ಟ್ ಮೂಲಕ ಸಿಎಸ್‌ಆರ್ ಹಣ ಬರಬೇಕಾದರೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ನೋಂದಣಿ ಬೇಕು. ಅದಿಲ್ಲದಿದ್ದರೆ ಕಂಪನಿಯೇ ನೇರವಾಗಿ ಯಂತ್ರ ಕೊಂಡು ದವಾಖಾನೆಗೆ ಕೊಡಲಿ, ನಿಮಗೆ ತಲೆನೋವು ಕಡಿಮೆ.

ಕಟ್ಟಡ, ಆಂಬುಲೆನ್ಸ್‌ನಂಥ ದೊಡ್ಡ ಖರ್ಚಿಗೆ ಪಟ್ಟಿ ಎತ್ತುವ ಮೊದಲು ಶಾಸಕರ, ಸಂಸದರ ಕಚೇರಿಗೆ ಹೋಗಿ. ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ನಮ್ಮದೇ ತೆರಿಗೆ ದುಡ್ಡಿನಿಂದ ಆಗಬೇಕಾದ ಕೆಲಸಕ್ಕೆ ಕೂಲಿಯವರ ಮನೆ ಬಾಗಿಲು ತಟ್ಟುವುದು ಸರಿಯಲ್ಲ. ಸರ್ಕಾರ ಕೊಡಲೇಬೇಕಾದ್ದನ್ನು ಕೇಳುವುದೂ ಈ ಕೆಲಸದ ಭಾಗ.

ಕೊಳ್ಳುವಾಗ

ಮೂರು ಕೊಟೇಶನ್ ತರಿಸಿ, ಒಂದೇ ಅಂಗಡಿಯ ಮೂರು ಹೆಸರಿನವಲ್ಲ. ಮಾದರಿ ಯಾವುದಿರಬೇಕು ಅಂತ ಡಾಕ್ಟರಿಂದಲೇ ಬರೆಸಿಕೊಳ್ಳಿ. ಸರ್ವಿಸ್ ಇಂಜಿನಿಯರ್ ಬೆಳಗಾವಿ ಅಥವಾ ಹುಬ್ಬಳ್ಳಿಯಲ್ಲಿ ಇದ್ದಾರಾ, ಬೆಂಗಳೂರಿನಿಂದಲೇ ಬರಬೇಕಾ ಅನ್ನುವುದು ಬೆಲೆಯಷ್ಟೇ ದೊಡ್ಡ ಪ್ರಶ್ನೆ. ಸ್ವಲ್ಪ ಅಗ್ಗದ ಯಂತ್ರ ಕೆಟ್ಟು ಮೂರು ತಿಂಗಳು ಕೂತರೆ ಉಳಿಸಿದ್ದೇನು?

2025ರ ಸೆಪ್ಟೆಂಬರ್ 22ರಿಂದ ಬಹುಪಾಲು ವೈದ್ಯಕೀಯ ಉಪಕರಣಗಳ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಹಳೇ ದರ ಹಾಕಿದ ಕೊಟೇಶನ್ ಬಂದರೆ ಕೇಳಿ. ಬಿಲ್ಲು, ದಾನ ಕೊಡುವ ಸಂಸ್ಥೆಯ ಹೆಸರಿಗೇ ಆಗಲಿ, ಯಂತ್ರದ ಸೀರಿಯಲ್ ನಂಬರ್ ಬಿಲ್ಲಿನ ಮೇಲೆ ಇರಲಿ. ಪೂರ್ತಿ ಹಣ ಮೊದಲೇ ಕೊಡಬೇಡಿ. ಯಂತ್ರ ಬಂದು, ಕೂತು, ಡಾಕ್ಟರು ನಡೆಸಿ ನೋಡಿ ಸಹಿ ಮಾಡಿದ ಮೇಲೆ ಕೊನೆಯ ಕಂತು.

ಒಪ್ಪಿಸುವ ದಿನ

ದಾಸ್ತಾನು ಪುಸ್ತಕದಲ್ಲಿ ಯಂತ್ರದ ಹೆಸರು, ಸೀರಿಯಲ್ ನಂಬರ್, ತಾರೀಖು, ದಾನಿ ಸಂಸ್ಥೆ ದಾಖಲಾಗುವವರೆಗೆ ಜಾಗ ಬಿಟ್ಟು ಏಳಬೇಡಿ. ಆ ಪುಟದ ಜೆರಾಕ್ಸ್ ಪ್ರತಿ ನಿಮ್ಮ ಫೈಲಿನಲ್ಲಿರಲಿ. ಪುಸ್ತಕಕ್ಕೆ ಏರದ ಯಂತ್ರ ಕೆಟ್ಟರೆ ಸರ್ಕಾರದ ದುಡ್ಡಿನಲ್ಲಿ ರಿಪೇರಿ ಮಾಡಿಸುವುದು ಕಷ್ಟ.

ಕಂಪನಿಯವರಿಂದ ತರಬೇತಿ ಕೊಡಿಸಿ. ಹಗಲಿನ ಪಾಳಿಯವರಿಗೆ ಒಮ್ಮೆ, ರಾತ್ರಿ ಪಾಳಿಯವರಿಗೆ ಇನ್ನೊಮ್ಮೆ. ಮೇ, ಜೂನ್‌ನಲ್ಲಿ ವರ್ಗಾವಣೆ ಬಂದರೆ ಕಲಿತವರೇ ಹೋಗಿಬಿಡುತ್ತಾರೆ. ಅದಕ್ಕೆ ಯಂತ್ರದ ಪಕ್ಕದಲ್ಲೇ ಕನ್ನಡದಲ್ಲಿ ಬರೆದ ಲ್ಯಾಮಿನೇಟ್ ಹಾಳೆ ತೂಗುಹಾಕಿ. ಆಕ್ಸಿಜನ್ ಕಾನ್ಸಂಟ್ರೇಟರ್ ಆದರೆ ಹೀಗೆ: ವಾರಕ್ಕೊಮ್ಮೆ ಹಿಂದಿನ ಸ್ಪಂಜಿನ ಫಿಲ್ಟರ್ ತೆಗೆದು ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ನೀರಿನ ಬಾಟಲಿಗೆ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರಲ್ಲ. ಗೋಡೆಯಿಂದ ಒಂದು ಗೇಣು ದೂರ. ರೋಗಿ ಇಲ್ಲದಿದ್ದರೂ ಆಗಾಗ ಸ್ವಲ್ಪ ಹೊತ್ತು ಓಡಿಸಬೇಕು. ಕೆಳಗೆ ಸರ್ವಿಸ್ ಇಂಜಿನಿಯರ್ ನಂಬರ್, ವಾರಂಟಿ ಮುಗಿಯುವ ತಾರೀಖು ದಪ್ಪ ಅಕ್ಷರದಲ್ಲಿ.

ಹೆಸರಿನ ಫಲಕದ ಮಾತು ಬಂದೇ ಬರುತ್ತದೆ. ನಮ್ಮ ಕಡೆ ಗುಡಿಯ ಫ್ಯಾನಿನ ಮೂರು ರೆಕ್ಕೆಗೂ ದಾನಿಯ ಹೆಸರು, ಅವರ ತಂದೆಯ ಹೆಸರು, ಊರಿನ ಹೆಸರು ಬರೆಸುವ ರೂಢಿ. ಫ್ಯಾನ್ ತಿರುಗಿದರೆ ಯಾವುದೂ ಕಾಣುವುದಿಲ್ಲ, ಆ ಮಾತು ಬೇರೆ. ದವಾಖಾನೆಯಲ್ಲಿ ಯಂತ್ರದ ಪರದೆ, ಗುಂಡಿ, ಗಾಳಿ ಕಿಂಡಿಗಳ ಮೇಲೆ ಸ್ಟಿಕರ್ ಬೇಡ. ಹೊರಗಿನ ಗೋಡೆಗೆ ಒಂದೇ ಫಲಕ, ಎಲ್ಲರ ಹೆಸರೂ ಅಕ್ಷರಮಾಲೆಯ ಕ್ರಮದಲ್ಲಿ. ಮೊತ್ತ ಬರೆಯದಿದ್ದರೆ ಯಾರಿಗೂ ಇರಿಸುಮುರಿಸಿಲ್ಲ. ಮತ್ತೆ, ಗಾಲಿಕುರ್ಚಿಯ ಮೇಲೆ ರೋಗಿಯನ್ನು ಕೂರಿಸಿ ಹತ್ತು ಜನ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದು ದಯವಿಟ್ಟು ಬೇಡ.

ಆಮೇಲೆ

ಉದ್ಘಾಟನೆಯಾದ ವಾರದೊಳಗೆ ಜಮಾ ಖರ್ಚಿನ ಹಾಳೆಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿ, ವಾಟ್ಸ್ಆ್ಯಪ್ ಗುಂಪಿಗೂ ಹಾಕಿ. ಬಿಲ್ಲಿನ ಫೋಟೋ ಸಮೇತ.

ಮೂರು ತಿಂಗಳಿಗೊಮ್ಮೆ ನಿಮ್ಮವರೊಬ್ಬರು ಹೋಗಿ ಯಂತ್ರ ನೋಡಿಬರಲಿ. ತನಿಖೆ ಮಾಡುವ ಧಾಟಿ ಬೇಡ, ಒಂದು ಬಾಕ್ಸ್ ಪೇಪರ್ ರೋಲ್ ಹಿಡಿದುಕೊಂಡು ಹೋಗಿ, ಮಾತು ತಾನೇ ಬರುತ್ತದೆ. ಯಂತ್ರ ಕೆಟ್ಟಿದ್ದರೆ ದೂರು ಯಾವಾಗ ಕೊಟ್ಟರು, ನಂಬರ್ ಏನು ಕೇಳಿ. ಮೂರು ನಾಲ್ಕು ಸಲ ಹೋದರೂ ಉತ್ತರ ಸಿಗದಿದ್ದರೆ ಸಮಿತಿಯ ಸಭೆಯಲ್ಲಿ ವಿಷಯ ಇಡಲು ಪತ್ರ ಕೊಡಿ. ಅದಕ್ಕೂ ಸುಮ್ಮನಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಅದನ್ನು ಮೊದಲ ತಿಂಗಳೇ ಹಾಕಿದರೆ ಮಾತ್ರ ಸಂಬಂಧ ಕೆಡುತ್ತದೆ.

ಪಟ್ಟಿಯಲ್ಲಿ ದುಡ್ಡು ಉಳಿದರೆ ಅದೇ ಖಾತೆಯಲ್ಲಿ ಬಿಡಿ. ಸಭೆ ಕರೆದು, ಯಂತ್ರದ ಸಾಮಾನು ಮತ್ತು ರಿಪೇರಿಗೆ ಮಾತ್ರ ಅಂತ ಠರಾವು ಬರೆಸಿ, ಠೇವಣಿ ಇಡಿ. ವಾರಂಟಿ ಮುಗಿಯುವ ತಾರೀಖಿಗೆ ಎರಡು ತಿಂಗಳು ಮೊದಲು ಕೈಗೆ ಬರುವ ಹಾಗೆ ಠೇವಣಿಯ ಅವಧಿ ಹಾಕಿಸಿ. ನಿರ್ವಹಣಾ ಒಪ್ಪಂದಕ್ಕೆ ಆಗಲೇ ದುಡ್ಡು ಬೇಕಾಗುವುದು.